ಗೋಡೆ ಮೇಲೆ ಲೈಸೆನ್ಸ್ ಇದೆ, ಅಡುಗೆಮನೆ ಚೆಕ್ ಆಗಿದ್ಯಾ?

ಪ್ರಶ್ನೆ: ತುಮಕೂರು ಬಿ.ಎಚ್. ರೋಡಲ್ಲಿ ನಾವು ಮಕ್ಕಳನ್ನ ಕರ್ಕೊಂಡು ಹೋಗೋ ಫಾಸ್ಟ್ ಫುಡ್ ಅಂಗಡೀಲಿ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಸರ್ಟಿಫಿಕೇಟ್ ಹಾಕಿದ್ದಾರೆ. ಅಂದ್ರೆ ಇನ್‌ಸ್ಪೆಕ್ಷನ್ ಆಗಿದೆ ಅಂತಾನಾ? ಆ ರಿಪೋರ್ಟ್ ನಮಗೆ ಸಿಗುತ್ತಾ?

ಕೇಳಿದ್ರೆ ಸಿಗುತ್ತೆ. ಆದ್ರೆ ಗೋಡೆ ಮೇಲಿರೋದು ವ್ಯಾಪಾರಕ್ಕೆ ಕೊಟ್ಟಿರೋ ಅನುಮತಿ ಅಷ್ಟೇ, ಮೊನ್ನೆ ಯಾರೋ ಬಂದು ಬಾಣಲೆ ಎಣ್ಣೆ ನೋಡಿದ್ರು ಅನ್ನೋದಕ್ಕೆ ಸಾಕ್ಷಿ ಅಲ್ಲ. ಅದರಲ್ಲಿ 14 ಅಂಕಿ ನಂಬರ್ ಇರುತ್ತೆ ನೋಡಿ, 1ರಿಂದ ಶುರುವಾದ್ರೆ ಲೈಸೆನ್ಸ್, 2ರಿಂದ ಶುರುವಾದ್ರೆ ಸಣ್ಣ ವ್ಯಾಪಾರದ ರಿಜಿಸ್ಟ್ರೇಷನ್, ಈ ರಿಜಿಸ್ಟ್ರೇಷನ್ನು ಅಡುಗೆಮನೆ ನೋಡದೇನೂ ಕೊಡಬಹುದು. ಫೋಟೋ ತಗೊಂಡು, ಆ ನಂಬರ್‌ನ ಎಫ್‌ಎಸ್‌ಎಸ್‌ಎಐನ ಲೈಸೆನ್ಸ್ ವೆಬ್‌ಸೈಟ್ ಫಾಸ್ಕಾಸ್ (FoSCoS)ನಲ್ಲಿ ಹಾಕಿ ನೋಡಿ, ಹೆಸರು, ವಿಳಾಸ ಅದೇ ಅಂಗಡೀದಾ ಅಂತ.

ನನಗೆ ಇದರ ಬಗ್ಗೆ ತಲೆ ಕೆಟ್ಟಿದ್ದು ಒಂದು ಪ್ಲೇಟ್ ಗೋಬಿಯಿಂದ. ತಿಂದು ಕೈ ಒರೆಸಿದ್ರೆ ಟಿಶ್ಯೂ ಪೂರ್ತಿ ಗುಲಾಬಿ, ಮನೇಲಿ ಸೋಪು ಹಾಕಿ ಉಜ್ಜಿದ್ರೂ ಉಗುರು ಸಂದೀಲಿ ಬಣ್ಣ ಹಾಗೇ ಇತ್ತು, ನನ್ನ ಮಗಳೂ ಅದನ್ನೇ ತಿಂದಿದ್ಲು. ಗೋಬಿ, ಬಾಂಬೆ ಮಿಠಾಯಿಗೆ ರೋಡಮೈನ್-ಬಿ (ಬಟ್ಟೆಗೆ ಹಾಕೋ ರಾಸಾಯನಿಕ ಬಣ್ಣ) ಥರದ ಬಣ್ಣ ಹಾಕಬಾರದು ಅಂತ ನಮ್ಮ ಸರ್ಕಾರ 2024ರ ಮಾರ್ಚಲ್ಲೇ ಆದೇಶ ಮಾಡಿದೆ.

ಈಗ ರಿಪೋರ್ಟ್ ವಿಷಯ. ಆಹಾರ ಸುರಕ್ಷತಾ ಅಧಿಕಾರಿ ಬಂದು ನೋಡಿದ್ರೆ ಅದು ದಾಖಲೆ ಆಗುತ್ತೆ, ಕೊಳಕು ಕಂಡ್ರೆ 2006ರ ಆಹಾರ ಸುರಕ್ಷತಾ ಕಾಯ್ದೆ ಸೆಕ್ಷನ್ 32ರ ಪ್ರಕಾರ ಅಂಕಿತ ಅಧಿಕಾರಿ (ಜಿಲ್ಲೆಯಲ್ಲಿ ಆಹಾರ ಸುರಕ್ಷತೆ ನೋಡ್ಕೊಳ್ಳೋ ಮೇಲಧಿಕಾರಿ) ಸುಧಾರಣಾ ನೋಟಿಸ್ ಕೊಡ್ತಾರೆ, ಸರಿ ಮಾಡ್ಕೊಳ್ಳಲಿಲ್ಲ ಅಂದ್ರೆ ಲೈಸೆನ್ಸ್ ಸಸ್ಪೆಂಡ್ ಮಾಡಬಹುದು. ಈ ಕಾಗದಗಳನ್ನ ಜಿಲ್ಲೆಯ ಅಂಕಿತ ಅಧಿಕಾರಿ ಕಚೇರಿಗೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ ಕೇಳಿ. ಫೀಸು 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡ್ಬೇಕು. ಕರ್ನಾಟಕದಲ್ಲಿ ಒಂದು ಅರ್ಜೀಲಿ ಒಂದೇ ವಿಷಯ, 150 ಪದ ಮೀರಬಾರದು, ಅದಕ್ಕೇ ಕಥೆ ಬರೀಬೇಡಿ. 14 ಅಂಕಿ ನಂಬರ್ ಬರೆದು, ಎರಡು ವರ್ಷದಲ್ಲಿ ಯಾವ್ಯಾವ ತಾರೀಕು ತಪಾಸಣೆ ಆಯ್ತು, ಅದರ ವರದಿ, ನೋಟಿಸ್, ಸ್ಯಾಂಪಲ್‌ನ ಲ್ಯಾಬ್ ರಿಪೋರ್ಟ್ ಇವುಗಳ ನಕಲು ಕೊಡಿ ಅಂತ ಕೇಳಿ. 'ಅಂಗಡಿ ಕ್ಲೀನ್ ಇದೆಯಾ' ಅಂತ ಕೇಳಬೇಡಿ, ಆರ್‌ಟಿಐಲಿ ಸಿಗೋದು ದಾಖಲೆ, ಅಭಿಪ್ರಾಯ ಅಲ್ಲ. ತಪಾಸಣೇನೇ ಆಗಿಲ್ಲ ಅಂತ ಉತ್ತರ ಬಂದ್ರೂ ಅದು ಕೈಯಲ್ಲಿರೋ ಕಾಗದಾನೇ, ದೂರು ಕೊಡುವಾಗ ಜೊತೆಗೆ ಪಿನ್ ಮಾಡಿ ಕೊಡಿ.