ಎರೆ ಮಣ್ಣು ಮೆತ್ತಿದ ಇ-ಬೈಕನ್ನು ತೊಳೆಯೋದು ಹೇಗೆ, ಯಾಕೆ ಹಾಗೆ

ಮಳೆ ಬಿದ್ದ ಮೇಲೆ ಸಿರುಗುಪ್ಪದ ಕಡೆಯ ಎರೆ ಹೊಲದ ದಾರಿಯಲ್ಲಿ ಮೌಂಟನ್ ಬೈಕ್ ಓಡಿಸಿದವರಿಗೆ ಗೊತ್ತು, ಸ್ವಲ್ಪ ದೂರ ಹೋಗುವಷ್ಟರಲ್ಲಿ ಟೈರಿನ ಸುತ್ತ ಮಣ್ಣು ಮೆತ್ತಿಕೊಂಡು ಚಕ್ರ ತಿರುಗುವುದೇ ನಿಂತುಬಿಡುತ್ತದೆ. ಇ-ಬೈಕ್, ಅಂದರೆ ಬ್ಯಾಟರಿ ಮೋಟಾರ್ ಇರುವ ಸೈಕಲ್ಲಾದರೆ ಅದು ಇನ್ನೂ ಎಳೆಯುತ್ತದೆ, ಹಾಗಾಗಿ ಕೆಸರೂ ಇನ್ನಷ್ಟು ತುಂಬಿಕೊಳ್ಳುತ್ತದೆ. ಸಿಂಧನೂರು, ಗಂಗಾವತಿಯ ಭತ್ತದ ಗದ್ದೆಗಳ ನಡುವಿನ ಕಾಲುವೆ ದಾರಿಯಲ್ಲೂ ಇದೇ ಕಥೆ. ಊರಿಗೆ ಬಂದವರು ಬೈಕನ್ನು ನೇರ ವಾಟರ್ ಸರ್ವಿಸ್ ಅಂಗಡಿಗೆ ಒಯ್ಯುತ್ತಾರೆ. ಅಲ್ಲಿನ ಹುಡುಗ ಗನ್ ಹಿಡಿದು "ಪ್ರೆಷರ್ ಹೊಡೀಲೇನಣ್ಣಾ?" ಅಂತ ಕೇಳುತ್ತಾನೆ. ದಯವಿಟ್ಟು "ಬ್ಯಾಡಪ್ಪಾ" ಅನ್ನಿ.

ಇ-ಬೈಕಿಗೆ ನೀರೇ ತಾಕಬಾರದು ಅಂತ ಹಲವರು ತಿಳಿದಿದ್ದಾರೆ. ಹಾಗೇನಿಲ್ಲ. ಮಳೆಯಲ್ಲಿ ಓಡಿಸಬಹುದು, ಮಗ್ಗಿನಲ್ಲಿ ನೀರು ಹಾಕಿ ತೊಳೆಯಬಹುದು. ಕಷ್ಟ ಬರುವುದು ನೀರಿನ ಹಿಂದೆ ಒತ್ತಡ ಸೇರಿದಾಗ. ಆ ಒತ್ತಡ ಗನ್ನಿನಿಂದಲೇ ಬರಬೇಕು ಅಂತಿಲ್ಲ, ಬಿಸಿಲಿನಿಂದಲೂ ಬರುತ್ತದೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಗನ್ನಿನ ಲೆಕ್ಕ ನೋಡೋಣ. ಮೋಟಾರ್, ಬ್ಯಾಟರಿ, ಡಿಸ್‌ಪ್ಲೇ ಮೇಲೆ ಐಪಿ ಅಂತ ಬರೆದು ಎರಡು ಅಂಕಿ ಹಾಕಿರುತ್ತಾರೆ. ಐಇಸಿ 60529 ಎಂಬ ಅಂತರರಾಷ್ಟ್ರೀಯ ಮಾನದಂಡದ ಗುರುತು ಅದು. ಮೊದಲನೇ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಎರಡನೇ ಅಂಕಿ 4 ಇದ್ದರೆ ಎಲ್ಲ ಕಡೆಯಿಂದ ಸಿಡಿಯುವ ನೀರನ್ನು ತಡೆಯುತ್ತದೆ ಅಂತ ಅರ್ಥ. 5 ಇದ್ದರೆ 6.3 ಮಿ.ಮೀ. ನಳಿಕೆಯಿಂದ ನಿಮಿಷಕ್ಕೆ 12.5 ಲೀಟರ್ ನೀರನ್ನು ಎರಡೂವರೆ ಮೂರು ಮೀಟರ್ ದೂರದಿಂದ ಬಿಟ್ಟು ಪರೀಕ್ಷೆ ಮಾಡಿರುತ್ತಾರೆ. ಲೆಕ್ಕ ಹಾಕಿದರೆ ಆ ನೀರಿನ ವೇಗ ಗಂಟೆಗೆ ಸುಮಾರು 24 ಕಿ.ಮೀ. ಅಷ್ಟೇ. 100 ಬಾರ್ ಒತ್ತಡದ ಪ್ರೆಷರ್ ವಾಷರಿನ ನಳಿಕೆಯಿಂದ ಹೊರಡುವ ನೀರಿನ ವೇಗವೋ, ಗಂಟೆಗೆ ಸುಮಾರು 500 ಕಿ.ಮೀ.! ವೇಗ ಎರಡು ಪಟ್ಟಾದರೆ ನೀರು ಬಡಿಯುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ಇಲ್ಲಿ ವೇಗವೇ ಇಪ್ಪತ್ತು ಪಟ್ಟು, ಹಾಗಾದರೆ ಒತ್ತಡ ನಾನೂರು ಪಟ್ಟು. ದೂರ ಹೋದಂತೆ ಅದು ಕಡಿಮೆಯಾಗುತ್ತದೆ ನಿಜ, ಆದರೆ ಗನ್ ಹಿಡಿದವರು ಮೂರು ಮೀಟರ್ ದೂರ ನಿಂತು ತೊಳೆಯುವುದಿಲ್ಲವಲ್ಲ, ಮೂಲೆಯಲ್ಲಿ ಮಣ್ಣು ಕಂಡರೆ ಗನ್ನನ್ನು ಅಲ್ಲಿಗೇ ಒತ್ತಿ ಹಿಡಿಯುತ್ತಾರೆ.

ಎರಡನೇ ಅಂಕಿ 7 ಇದ್ದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿದರೂ ತಡೆಯುತ್ತದೆ. ಅದನ್ನು ನೋಡಿ ಇನ್ನೇನು ಭಯ ಅಂದುಕೊಳ್ಳಬೇಡಿ. ಮುಳುಗಿಸುವ ಪರೀಕ್ಷೆ ಬೇರೆ, ಧಾರೆಯ ಪರೀಕ್ಷೆ ಬೇರೆ. 7 ಪಾಸಾದದ್ದು 5ನ್ನೂ ಪಾಸಾಗಿದೆ ಅಂತ ಲೆಕ್ಕವಿಲ್ಲ. ಬೇರಿಂಗಿನ ಬಾಯಿಗೆ ಇರುವ ರಬ್ಬರ್ ಸೀಲಿನ ತುಟಿ ತುಂಬಾ ತೆಳ್ಳಗೆ. ಗ್ರೀಸನ್ನು ಒಳಗಿಟ್ಟು, ಸಿಡಿಯುವ ನೀರನ್ನೂ ಧೂಳನ್ನೂ ಹೊರಗಿಡುವುದು ಅದರ ಕೆಲಸ. ಜೋರು ಧಾರೆ ಅದನ್ನು ಎತ್ತಿ ಒಳಗೆ ನುಗ್ಗುತ್ತದೆ. ಒಳಗೆ ಹೋದ ನೀರು ಗ್ರೀಸಿನ ಜೊತೆ ಕಲಸಿಕೊಳ್ಳುತ್ತದೆ, ಜೊತೆಗೆ ಸಣ್ಣ ಮಣ್ಣೂ ಹೋಗಿರುತ್ತದೆ. ಆ ದಿನ ಏನೂ ಗೊತ್ತಾಗುವುದಿಲ್ಲ. ಕೆಲವು ವಾರ ಬಿಟ್ಟು ಕರಕರ ಸದ್ದು ಶುರುವಾಗುತ್ತದೆ, ಆಗ ಅದಕ್ಕೂ ಆವತ್ತು ತೊಳೆದದ್ದಕ್ಕೂ ಸಂಬಂಧ ಇದೆ ಅಂತ ಯಾರಿಗೂ ಹೊಳೆಯುವುದಿಲ್ಲ. ಇ-ಬೈಕಿನ ಮೋಟಾರ್ ಮಾಡುವ ಬಾಷ್, ಶಿಮಾನೊ ಕಂಪನಿಗಳೆರಡೂ ಹೈ ಪ್ರೆಷರ್ ನೀರು ಬೇಡ ಅಂತ ಹೇಳುವುದು ಸುಮ್ನೆ ಅಲ್ಲ.

ಇನ್ನು ಬಿಸಿಲು. ನಮ್ಮ ಬಳ್ಳಾರಿ ರಾಯಚೂರಿಗೆ ಇದು ಎಲ್ಲರಿಗಿಂತ ಜಾಸ್ತಿ ಅನ್ವಯಿಸುತ್ತದೆ. ಸಂಡೂರಿನ ಗುಡ್ಡ ಹತ್ತಿಸಿಕೊಂಡು ಬಂದ ಮೋಟಾರ್ ಮೊದಲೇ ಬಿಸಿಯಾಗಿರುತ್ತದೆ, ಮೇಲಿನಿಂದ ಬಿಸಿಲು ಬೇರೆ. ಒಳಗಿನ ಗಾಳಿ 60 ಡಿಗ್ರಿ ಸೆಲ್ಸಿಯಸ್‌ಗೆ ಕಾದಿದೆ ಅಂತ ಇಟ್ಟುಕೊಳ್ಳಿ. ಕಾದಾಗ ಗಾಳಿ ಹಿಗ್ಗಿ ಸಂದಿಗಳಿಂದ ಸ್ವಲ್ಪ ಸ್ವಲ್ಪ ಹೊರಗೆ ಹೋಗಿರುತ್ತದೆ. ಈಗ ತಣ್ಣೀರು ಸುರಿದು ಅದನ್ನು ಒಮ್ಮೆಲೇ 30 ಡಿಗ್ರಿಗೆ ಇಳಿಸಿದರೆ ಒಳಗಿನ ಒತ್ತಡ ಸುಮಾರು ನೂರಕ್ಕೆ ಒಂಬತ್ತರಷ್ಟು ಬೀಳುತ್ತದೆ. ಪ್ಲಾಸ್ಟಿಕ್ ಬಾಟಲಿಗೆ ಬಿಸಿ ನೀರು ಹಾಕಿ ಅಲ್ಲಾಡಿಸಿ, ಚೆಲ್ಲಿ, ಮುಚ್ಚಳ ಬಿಗಿಮಾಡಿ ನಲ್ಲಿಯ ಕೆಳಗೆ ಹಿಡಿದರೆ ಅದು ಸೊಟ್ಟಗಾಗುತ್ತದಲ್ಲ, ಅದೇ ಇದು. ಮೋಟಾರಿನ ಲೋಹದ ಕವಚ ಸೊಟ್ಟಗಾಗುವುದಿಲ್ಲ, ಬದಲಿಗೆ ಹೊರಗಿರುವುದನ್ನು ಒಳಗೆ ಎಳೆದುಕೊಳ್ಳುತ್ತದೆ. ಹೊರಗೆ ಆ ಹೊತ್ತಿನಲ್ಲಿ ಇರುವುದು ಕೆಸರು ನೀರು. ನೂರಕ್ಕೆ ಒಂಬತ್ತು ಅಂದರೆ ಏನು ಮಹಾ ಅನ್ನಿಸಬಹುದು. ಅದು 90 ಸೆಂ.ಮೀ. ಆಳದ ನೀರಿನ ಒತ್ತಡಕ್ಕೆ ಸಮ, ಅಂದರೆ ಬೈಕನ್ನು ಸೊಂಟದ ಆಳದ ಕಾಲುವೆಯಲ್ಲಿ ಮುಳುಗಿಸಿದ ಹಾಗೆ. ಯಾವ ಗನ್ನೂ ಇಲ್ಲದೆ ಬರೀ ಒಂದು ಬಕೆಟ್ ನೀರಿನಿಂದ ಇಷ್ಟು ಆಗುತ್ತದೆ. ಕೆಲವು ಕಡೆ ಈ ಒತ್ತಡ ಸರಿದೂಗಿಸಲೆಂದೇ ಗಾಳಿಯನ್ನು ಬಿಟ್ಟು ನೀರನ್ನು ತಡೆಯುವ ಸಣ್ಣ ಪೊರೆ ಇಟ್ಟಿರುತ್ತಾರೆ, ಆದರೆ ಅದರ ಮೇಲೆ ಎರೆ ಮಣ್ಣು ಮೆತ್ತಿದ್ದರೆ ಅದೂ ಉಸಿರಾಡುವುದಿಲ್ಲ. ಆದ್ದರಿಂದ ಬೈಕನ್ನು ಮೊದಲು ನೆರಳಿನಲ್ಲಿ ನಿಲ್ಲಿಸಿ. ಮೋಟಾರಿನ ಮೇಲೆ ಕೈಯಿಟ್ಟರೆ ಬೆಚ್ಚಗೆ ಅನ್ನಿಸಬಾರದು. ಅಲ್ಲಿಯವರೆಗೆ ನೀರು ಮುಟ್ಟಿಸಬೇಡಿ.

ಆ ಹೊತ್ತಿಗೆ ಮಣ್ಣೂ ತನ್ನ ಕೆಲಸ ತಾನೇ ಮಾಡಿಕೊಂಡಿರುತ್ತದೆ. ಎರೆ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ ಜಾಸ್ತಿ. ಕಣ್ಣಿಗೆ ಕಾಣದಷ್ಟು ತೆಳ್ಳನೆಯ ಹಾಳೆಗಳ ಅಟ್ಟಿ ಅದು. ಶುದ್ಧ ಮಾಂಟ್‌ಮೊರಿಲೊನೈಟ್ ಒಂದು ಗ್ರಾಂ ತೆಗೆದುಕೊಂಡರೆ ಅದರ ಹಾಳೆಗಳ ಒಟ್ಟು ಮೈ 700 ಚದರ ಮೀಟರಿಗೂ ಮೇಲೆ. ಈ ಹಾಳೆಗಳ ನಡುವೆ ನೀರು ಸೇರಿಕೊಂಡು ಮಣ್ಣು ಉಬ್ಬುತ್ತದೆ, ಅಷ್ಟು ದೊಡ್ಡ ಮೈ ಇರುವುದರಿಂದ ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ. ಒಣಗಿದಾಗ ಅದೇ ನೀರು ಹೊರಟು ಕುಗ್ಗುತ್ತದೆ, ಬೇಸಿಗೆಯಲ್ಲಿ ಹೊಲ ಬಿರುಕು ಬಿಡುವುದು ಇದಕ್ಕೇ. ಬೈಕಿನ ಮೇಲೂ ಹಾಗೇ ಬಿರುಕು ಬಿಟ್ಟು ಸಡಿಲವಾಗುತ್ತದೆ. ಪೂರಾ ಒಣಗಿದರೆ ದಪ್ಪ ಹೆಂಟೆಗಳು ಕೈಯಲ್ಲೇ ಉದುರುತ್ತವೆ. ಒಣಗಲು ಬಿಡದಿದ್ದರೆ ಚೆನ್ನಾಗಿ ನೆನೆಸಬೇಕು, ಮಗ್ಗಿನಿಂದ ನಿಧಾನ ನೀರು ಹಾಕಿ ಕಾಯಬೇಕು, ಮತ್ತೆ ಹಾಕಬೇಕು, ಅದು ತೆಳ್ಳಗಾಗಿ ತಾನೇ ಹರಿದುಹೋಗುತ್ತದೆ. ಅರ್ಧ ಹಸಿ ಇರುವಾಗ ಕಿತ್ತಾಡುವುದಕ್ಕಿಂತ ಕೆಟ್ಟದ್ದಿಲ್ಲ. ಆಗಲೇ ಜನ ಬೇಸತ್ತು ಗನ್ ಹುಡುಕುತ್ತಾರೆ.

ಮಸಾರಿ ಮಣ್ಣು, ಆನೆಗೊಂದಿ ಸಾಣಾಪುರದ ಕಡೆಯ ಬಂಡೆ ಪುಡಿ, ಸಂಡೂರಿನ ಕೆಂಪು ಅದಿರಿನ ಧೂಳು, ಇವಕ್ಕೆ ಅಂಟು ಕಡಿಮೆ, ಗಡಸು ಜಾಸ್ತಿ. ಖನಿಜಗಳ ಗಡಸನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಅಳತೆಯಲ್ಲಿ ಬಂಡೆ ಪುಡಿಯಲ್ಲಿರುವ ಕ್ವಾರ್ಟ್ಜ್ 7. ಅದಿರಿನ ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್, 5ರಿಂದ 6ರ ಆಸುಪಾಸು. ಅಲ್ಯೂಮಿನಿಯಂ 3ನ್ನೂ ಮುಟ್ಟುವುದಿಲ್ಲ. ಕಬ್ಬಿಣದ ಆಕ್ಸೈಡಿನ ನುಣ್ಣನೆ ಪುಡಿಯನ್ನು ಚಿನ್ನಕ್ಕೂ ಗಾಜಿಗೂ ಪಾಲಿಶ್ ಮಾಡಲು ಬಳಸುತ್ತಾರೆ ಅಂದಮೇಲೆ ಒಣ ಬಟ್ಟೆಯಲ್ಲಿ ಉಜ್ಜಿದರೆ ಬಣ್ಣದ ಗತಿ ಏನಾಗಬಹುದು ನೋಡಿ. ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ನುಣುಪು ಕೊಳವೆಯ ಮೇಲಂತೂ ಉಜ್ಜಲೇಬೇಡಿ. ಈ ಧೂಳಿಗೆ ಮೊದಲು ನೀರು, ಆಮೇಲೆ ಮೆತ್ತನೆ ಬ್ರಷ್.

ಬ್ಯಾಟರಿಯ ವಿಷಯಕ್ಕೆ ಬರೋಣ. ಶುದ್ಧ ನೀರು ವಿದ್ಯುತ್ತನ್ನು ಸರಿಯಾಗಿ ಹರಿಸುವುದಿಲ್ಲ. ನಮ್ಮ ಬೋರಿನ ನೀರು ಶುದ್ಧ ನೀರಲ್ಲ, ಎಷ್ಟೋ ಊರುಗಳಲ್ಲಿ ಬಕೆಟ್ ಒಣಗಿದರೆ ಬಿಳಿ ಪಟ್ಟಿ ನಿಲ್ಲುತ್ತದೆ. ಆ ಉಪ್ಪಿನಂಶದಿಂದಲೇ ವಿದ್ಯುತ್ ಹರಿಯುವುದು. ವಿದ್ಯುತ್ತಿನಿಂದ ನೀರನ್ನು ಹೈಡ್ರೋಜನ್, ಆಮ್ಲಜನಕವಾಗಿ ಒಡೆಯಲು ತಾತ್ವಿಕವಾಗಿ 1.23 ವೋಲ್ಟ್ ಸಾಕು, ಇ-ಬೈಕ್ ಬ್ಯಾಟರಿ ಸಾಮಾನ್ಯವಾಗಿ 36 ಇಲ್ಲವೇ 48 ವೋಲ್ಟ್. ಕರೆಂಟ್ ಇರುವ ಪಿನ್ನುಗಳ ನಡುವೆ ಇಂಥ ನೀರು ನಿಂತರೆ ಪ್ಲಸ್ ಕಡೆಯ ತಾಮ್ರ ಕರಗುತ್ತಾ ಹೋಗುತ್ತದೆ, ಹಸಿರು ಕಿಲುಬು ಕಟ್ಟುತ್ತದೆ. ಅದಕ್ಕೇ ಮೊದಲು ಸ್ವಿಚ್ ಆಫ್. ಬ್ಯಾಟರಿ ತೆಗೆಯಬೇಕೋ ಬೇಡವೋ ಎಂಬುದರಲ್ಲಿ ಕಂಪನಿಗಳೇ ಒಂದು ಮಾತು ಹೇಳುವುದಿಲ್ಲ. ಕೆಲವರು ತೆಗೆಯಿರಿ ಅನ್ನುತ್ತಾರೆ, ಫ್ರೇಮಿನೊಳಗೆ ಕೂರುವ ಬ್ಯಾಟರಿಯಾದರೆ ಅದು ಇದ್ದರೇನೇ ಗೂಡು ಮುಚ್ಚಿರುತ್ತದೆ ಅಂತ ಕೆಲವರು ಹೇಳುತ್ತಾರೆ. ನಿಮ್ಮ ಬೈಕಿನ ಕೈಪಿಡಿಯ ಮಾತು ಕೇಳಿ. ತೆಗೆಯುವುದಾದರೆ ಗೂಡಿನ ಪಿನ್ನುಗಳಿಗೆ ಮುಚ್ಚಳ ಹಾಕಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಕಟ್ಟಿ, ಬ್ಯಾಟರಿಯನ್ನು ಬೇರೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಪೂರಾ ಕೂತಿದೆಯಾ ಅಂತ ಬೆರಳಿಂದ ಒತ್ತಿ ನೋಡಿ.

ತೊಳೆಯುವಾಗ ಬೈಕ್ ನೆಟ್ಟಗೆ ನಿಂತಿರಲಿ. ತಲೆಕೆಳಗು ಮಾಡಿದರೆ ನೀರು ಡಿಸ್‌ಪ್ಲೇ, ಬಟನ್ನುಗಳ ಕಡೆಗೆ ಇಳಿಯುತ್ತದೆ. ಸೋಪು ಅಂದರೆ ಕಾರ್ ಶಾಂಪೂ ಸಾಕು. ಬಟ್ಟೆಯ ಪೌಡರಿನಲ್ಲಿ ವಾಷಿಂಗ್ ಸೋಡಾ ಇರುತ್ತದೆ, ಕ್ಷಾರ ಅಲ್ಯೂಮಿನಿಯಂ ಹೊಳಪನ್ನು ಕೆಡಿಸುತ್ತದೆ. ಗ್ಯಾರೇಜಿನಲ್ಲಿ ಚೈನಿಗೆ ಡೀಸೆಲ್ ಹೊಡೆಯುವ ರೂಢಿ ಇದೆ, ಇಲ್ಲಿ ಬೇಡ. ಒಂದು ಹನಿ ಡಿಸ್ಕ್ ಮೇಲೆ ಸಿಡಿದರೂ ಬ್ರೇಕ್ ಪ್ಯಾಡ್ ಎಣ್ಣೆ ಕುಡಿದು ಹಿಡಿತ ಕಳೆದುಕೊಳ್ಳುತ್ತದೆ, ಇಳಿಜಾರಿನಲ್ಲಿ ಅದು ಜೀವದ ಪ್ರಶ್ನೆ. ಚೈನ್ ಒಣಗಿದ ಮೇಲೆ ಒಂದೊಂದು ಕೊಂಡಿಗೆ ಒಂದೊಂದು ಹನಿ ಎಣ್ಣೆ ಬಿಟ್ಟು, ಮೇಲೆ ಉಳಿದದ್ದನ್ನು ಒರೆಸಿಬಿಡಿ. ಎಣ್ಣೆ ಬೇಕಿರುವುದು ಒಳಗೆ, ಹೊರಗಿದ್ದರೆ ಅದು ನಾಳೆಯ ಧೂಳಿಗೆ ಅಂಟು.

ಒಣಗಿಸಲು ಪಂಕ್ಚರ್ ಅಂಗಡಿಯ ಗಾಳಿಯನ್ನು ಸೀಲು, ಬೇರಿಂಗು, ಪಿನ್ನುಗಳಿಗೆ ಹಿಡಿಯಬೇಡಿ, ನೀರನ್ನು ಒಳಗೆ ತಳ್ಳುವ ವಿಷಯದಲ್ಲಿ ಗಾಳಿಯ ಒತ್ತಡವೂ ಒಂದೇ. ಬಟ್ಟೆಯಲ್ಲಿ ಒರೆಸಿ ನೆರಳಿನ ಗಾಳಿಗೆ ನಿಲ್ಲಿಸಿದರೆ ನಮ್ಮ ಒಣ ಹವೆಯಲ್ಲಿ ಬೇಗ ಆರುತ್ತದೆ. ಬ್ಯಾಟರಿಯನ್ನು ಒಣಗಲಿ ಅಂತ ಬಿಸಿಲಿಗೆ ಇಡುವವರಿದ್ದಾರೆ, ಅದು ಬೇಡವೇ ಬೇಡ. ಎಷ್ಟೋ ಇ-ಬೈಕ್ ಬ್ಯಾಟರಿಗಳನ್ನು 0ಯಿಂದ 40 ಡಿಗ್ರಿಯ ಒಳಗೆ ಮಾತ್ರ ಚಾರ್ಜ್ ಮಾಡಬೇಕು ಅಂತ ಬರೆದಿರುತ್ತಾರೆ, ರಾಯಚೂರಿನ ಮೇ ತಿಂಗಳ ಮಧ್ಯಾಹ್ನ ನೆರಳಿನಲ್ಲೇ ಅದು ದಾಟುತ್ತದೆ. ಬೆಳಿಗ್ಗೆ ತೊಳೆದರೆ ರಾತ್ರಿ ಚಾರ್ಜಿಗೆ ಹಾಕಿ, ಹಾಕುವ ಮೊದಲು ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿ, ಹನಿ ಕಂಡರೆ ನಾಳೆಗೆ ಬಿಡಿ.