ಅಪಾಯದ ಗ್ರಹಿಕೆ: ಎಚ್‌ಪಿವಿ ನಮ್ಮ ಲೆಕ್ಕ ತಪ್ಪಿಸುವುದು ಹೇಗೆ

ಆರೋಗ್ಯದ ಬರಹಗಳಲ್ಲಿ 'ಅಪಾಯದ ಗ್ರಹಿಕೆ' ಎಂಬ ಮಾತು ಆಗಾಗ ಬರುತ್ತದೆ. ಕೊಂಚ ಪಂಡಿತರ ಮಾತಾಯಿತು. ನಾನಾದರೆ 'ಅಂದಾಜು' ಅನ್ನುತ್ತೇನೆ. ಈ ಕಾಯಿಲೆ ನನಗೆ ಬಂದೀತೇ, ಬಂದರೆ ಎಷ್ಟು ಕೆಟ್ಟದ್ದು ಎಂಬುದಕ್ಕೆ ಮನಸ್ಸು ತನಗೆ ತಾನೇ ಹೇಳಿಕೊಳ್ಳುವ ಉತ್ತರ ಅದು. ಅರಿವು ಬೇರೆ, ಇದು ಬೇರೆ. ಎಚ್‌ಪಿವಿ ಎಂಬ ವೈರಸ್‌ನಿಂದ ಗರ್ಭಕಂಠದ (ಗರ್ಭಕೋಶದ ಬಾಯಿಯ) ಕ್ಯಾನ್ಸರ್ ಬರುತ್ತದೆ ಎಂದು ಗೊತ್ತಿರುವವರೇ 'ನನಗ್ಯಾಕೆ ಬರುತ್ತೆ ಬಿಡಿ' ಎಂದು ತಪಾಸಣೆ ಮುಂದೂಡುತ್ತಾರೆ.

ಎಚ್‌ಪಿವಿ, ಅಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಈ ಅಂದಾಜನ್ನು ದಾರಿ ತಪ್ಪಿಸುವುದರಲ್ಲಿ ನಿಸ್ಸೀಮ. ಸಾಮಾನ್ಯವಾಗಿ ಜ್ವರವಿಲ್ಲ, ನೋವಿಲ್ಲ. ಲೈಂಗಿಕ ಸಂಪರ್ಕವಿರುವ ಬಹುತೇಕರಿಗೆ ಒಮ್ಮೆಯಾದರೂ ಅಂಟುತ್ತದೆ; ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ದೇಹವೇ ಅದನ್ನು ಹತ್ತಿಕ್ಕುತ್ತದೆ. 200ಕ್ಕೂ ಹೆಚ್ಚು ಬಗೆಗಳಿದ್ದರೂ 16 ಮತ್ತು 18 ಎಂಬ ಎರಡೇ ಬಗೆ ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ 70ಕ್ಕೆ ಕಾರಣ. ಸೋಂಕು ಬೇರುಬಿಟ್ಟರೂ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15-20 ವರ್ಷ ಹಿಡಿಯುತ್ತದೆ. ಅಷ್ಟು ದೂರದ್ದಕ್ಕೆ ಇವತ್ತೇ ಹೆದರುವ ಅಭ್ಯಾಸ ನಮಗಿಲ್ಲ.

ಅದೇ ಮನಸ್ಸು ರಿಪೋರ್ಟ್ ಕೈಗೆ ಬಂದಾಗ ಏನು ಮಾಡುತ್ತದೆ ನೋಡಿ. 'ಎಚ್‌ಪಿವಿ 16: ಪಾಸಿಟಿವ್' ಎಂಬ ಒಂದೇ ಸಾಲು. ಓದಿದಾಕೆಗೆ ಅದು ಕ್ಯಾನ್ಸರ್ ಎಂದೇ ಕಾಣುತ್ತದೆ. ಮರುಗಳಿಗೆಗೆ ಗಂಡನ ಮೇಲೆ ಅನುಮಾನ. ಆ ಸಾಲು ಎರಡನ್ನೂ ಹೇಳುತ್ತಿಲ್ಲ. ವೈರಸ್ ಇದೆ, ಅಷ್ಟೆ. ಯಾವಾಗ ಬಂತು, ಯಾರಿಂದ ಬಂತು ಎಂದು ಆ ಪರೀಕ್ಷೆಗೆ ತಿಳಿಯದು. ಎಷ್ಟೋ ವರ್ಷದ ಹಿಂದಿನದೂ ಇದ್ದೀತು. ಜೀವಕೋಶಗಳು ಬದಲಾಗಿವೆಯೇ ಎಂದು ಮುಂದಿನ ಪರೀಕ್ಷೆ ಹೇಳಬೇಕು. ಬದಲಾಗಿದ್ದರೂ ಕ್ಯಾನ್ಸರ್‌ಗೆ ತಿರುಗುವ ಮೊದಲೇ ಆ ಭಾಗವನ್ನು ತೆಗೆಯಬಹುದು. ಹೆದರಿ ಮತ್ತೆ ವೈದ್ಯರ ಬಳಿ ಹೋಗದೆ ಉಳಿದುಬಿಡುವುದೇ ದೊಡ್ಡ ಅಪಾಯ.

ಗಂಡಸರಂತೂ ಈ ಲೆಕ್ಕಕ್ಕೇ ಕೂರುವುದಿಲ್ಲ. ಎಚ್‌ಪಿವಿ ತಡೆಯುವ ಲಸಿಕೆಗೆ ಅಂಟಿಕೊಂಡ 'ಗರ್ಭಕಂಠದ ಕ್ಯಾನ್ಸರ್ ಲಸಿಕೆ' ಎಂಬ ಹೆಸರೇ ಅವರನ್ನು ಹೊರಗಿಟ್ಟಿದೆ. ಗಂಟಲು, ಗುದ, ಶಿಶ್ನದ ಕ್ಯಾನ್ಸರ್‌ಗಳಲ್ಲೂ ಈ ವೈರಸ್‌ನ ಕೈವಾಡವಿದೆ. 2007ರಲ್ಲಿ ಹುಡುಗಿಯರಿಗೆ ಲಸಿಕೆ ಆರಂಭಿಸಿದ ಆಸ್ಟ್ರೇಲಿಯಾ 2013ರಲ್ಲಿ ಹುಡುಗರನ್ನೂ ಸೇರಿಸಿಕೊಂಡಿತು.

ಲಸಿಕೆ ಹಾಕಿಸಿಕೊಂಡವರ ಅಂದಾಜು ಇನ್ನೊಂದು ಕಡೆ ವಾಲುತ್ತದೆ: ಇನ್ನು ತಪಾಸಣೆ ಯಾಕೆ? ಆದರೆ ಲಸಿಕೆ ಎಲ್ಲ ಬಗೆಗಳನ್ನೂ ತಡೆಯದು, ಆಗಲೇ ಇರುವ ಸೋಂಕನ್ನು ವಾಸಿಯೂ ಮಾಡದು. ಹಾಗಾಗಿಯೇ ವಿಶ್ವ ಆರೋಗ್ಯ ಸಂಸ್ಥೆ 2030ರ ಗುರಿಯಲ್ಲಿ ಲಸಿಕೆಯ ಜೊತೆಗೆ ಹೆಂಗಸರಿಗೆ 35 ವರ್ಷದೊಳಗೆ ಒಮ್ಮೆ, 45ರೊಳಗೆ ಮತ್ತೊಮ್ಮೆ ತಪಾಸಣೆಯನ್ನೂ ಇಟ್ಟಿದೆ.