‘ಕಣ್ಣಿಗೆ ಕಟ್ಟಿದ ಹಾಗಿದೆ’ ಎಂದಾಗ ನಿಜಕ್ಕೂ ಏನು ಕಾಣುತ್ತದೆ?

ನಮ್ಮ ಮನೆಗೆ ವಾರಪತ್ರಿಕೆ ಬಂದ ದಿನ ಜಗಳ ಇರುತ್ತಿದ್ದದ್ದು ಧಾರಾವಾಹಿಯ ಪುಟಕ್ಕೆ. ಯಾವಾಗಲೂ ಅಕ್ಕನೇ ಮೊದಲು ಓದುತ್ತಿದ್ದಳು. ಮುಗಿಸಿ ಪುಸ್ತಕ ನನ್ನ ಕೈಗೆ ಕೊಡುವಾಗ ಕಥೆಯ ಮೇಲಿನ ಚಿತ್ರ ತೋರಿಸಿ, ‘ಇವಳು ಅವಳಲ್ಲವೇ ಅಲ್ಲ, ಅವಳ ಮೂಗು ಹೀಗಿಲ್ಲ’ ಎಂದು ಸಿಟ್ಟಾಗುತ್ತಿದ್ದಳು. ಮೂಗಿನ ಬಗ್ಗೆ ಲೇಖಕರು ಒಂದು ಮಾತೂ ಬರೆದಿರಲಿಲ್ಲ. ‘ನಿನಗೆ ಹೇಗೆ ಗೊತ್ತು?’ ಅಂದರೆ, ‘ಕಾಣ್ತಾಳಲ್ಲೋ!’ ಅನ್ನುತ್ತಿದ್ದಳು.

ಸುಮ್ನೆ ಮಾತಿಗೆ ಹಾಗೆ ಹೇಳುತ್ತಾಳೆ ಎಂದುಕೊಂಡಿದ್ದೆ. ಏಕೆಂದರೆ ನನಗೆ ಓದುವಾಗ ಯಾರ ಮುಖವೂ ಕಾಣುವುದಿಲ್ಲ. ಕಾಡು, ಮಳೆ, ಮನೆಯ ಜಗಲಿ, ಏನೂ ಕಾಣುವುದಿಲ್ಲ. ಕಥೆ ಅರ್ಥವಾಗುತ್ತದೆ, ಅಳು ಬರುತ್ತದೆ, ಒಳಗೆ ಯಾರೋ ಓದಿ ಹೇಳುವ ದನಿ ಕೇಳುತ್ತದೆ. ಆದರೆ ಚಿತ್ರ ಇಲ್ಲ. ‘ಕಣ್ಣಿಗೆ ಕಟ್ಟಿದ ಹಾಗೆ ಬರೆದಿದ್ದಾರೆ’ ಎಂದು ನಾನೂ ಎಷ್ಟೋ ಸಲ ಹೇಳಿದ್ದೇನೆ. ಕೆಲವರಿಗೆ ಅದು ಅಕ್ಷರಶಃ ನಿಜ ಎಂದು ತಿಳಿದದ್ದು ತಲೆ ನರೆತ ಮೇಲೆ. ಇಷ್ಟು ದೊಡ್ಡ ವ್ಯತ್ಯಾಸ ಒಂದೇ ಮನೆಯಲ್ಲಿ, ಒಂದೇ ಪುಟ ಓದುವ ಇಬ್ಬರ ನಡುವೆ ಇದ್ದೂ ಗೊತ್ತಾಗದೆ ಉಳಿದದ್ದು ಹೇಗೆ? ಇದರ ಹಿಂದೆ ಒಂದು ಉದ್ದದ ಕಥೆ ಇದೆ.

1757ರಲ್ಲೇ ಎಡ್ಮಂಡ್ ಬರ್ಕ್ ಎಂಬ ಐರ್ಲೆಂಡಿನ ಚಿಂತಕ ಇದರ ಹತ್ತಿರ ಬಂದಿದ್ದ. ಕಾವ್ಯ ನಮ್ಮನ್ನು ತಟ್ಟುವುದಕ್ಕೆ ಮನಸ್ಸಿನಲ್ಲಿ ಚಿತ್ರ ಮೂಡಲೇಬೇಕೆಂದಿಲ್ಲ ಎನ್ನುವುದು ಅವನ ವಾದ. ಅದಕ್ಕೆ ಅವನು ತೋರಿಸಿದ ಉದಾಹರಣೆ ಥಾಮಸ್ ಬ್ಲ್ಯಾಕ್‌ಲಾಕ್ ಎಂಬ ಸ್ಕಾಟ್ಲೆಂಡಿನ ಕವಿ. ಬ್ಲ್ಯಾಕ್‌ಲಾಕ್ ಹಸುಗೂಸಾಗಿದ್ದಾಗಲೇ ಸಿಡುಬಿನಿಂದ ಕಣ್ಣು ಕಳೆದುಕೊಂಡವನು. ಆದರೂ ಕಣ್ಣಿಂದ ನೋಡುವ ಚೆಲುವನ್ನು ಸೊಗಸಾಗಿ ಬರೆಯುತ್ತಿದ್ದ. ನನಗೆ ಈ ವಾದ ಓದಿ ಬಹಳ ಸಮಾಧಾನವಾಯಿತು. ಆದರೆ ಬರ್ಕ್ ತನ್ನ ಮನಸ್ಸನ್ನು ನೋಡಿ, ಇನ್ನು ಕೆಲವರಿಗೂ ಅವರವರ ಮನಸ್ಸು ನೋಡಿಕೊಳ್ಳಲು ಹೇಳಿ, ಎಲ್ಲರ ಬಗ್ಗೆ ಮಾತಾಡಿದ. ಪ್ರಶ್ನೆ ಹಂಚಿ, ಉತ್ತರ ಕೂಡಿಸಿ ನೋಡಲಿಲ್ಲ.

ಹಾಗೆ ಕೇಳಿದವನು ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್. 1880ರಲ್ಲಿ ಪ್ರಕಟವಾದ ಅವನ ಲೇಖನದ ಹಿಂದೆ ಒಂದು ಪ್ರಶ್ನಾವಳಿ ಇತ್ತು. ಈ ದಿನ ಬೆಳಿಗ್ಗೆ ತಿಂಡಿಗೆ ಕೂತ ಮೇಜನ್ನು ನೆನೆಸಿಕೊಳ್ಳಿ. ಮನಸ್ಸಿನಲ್ಲಿ ಬರುವ ಚಿತ್ರ ಮಸುಕೋ, ಸ್ಪಷ್ಟವೋ? ಬೆಳಕು ನಿಜದಷ್ಟೇ ಇದೆಯೋ? ಪಿಂಗಾಣಿಯ ಬಣ್ಣ, ಬ್ರೆಡ್ಡಿನ ಬಣ್ಣ, ಸಾಸಿವೆಯ ಬಣ್ಣ ಕಾಣುತ್ತಿದೆಯೋ? ಮೊದಲಿಗೆ ಅವನು ಕೇಳಿದ್ದು ತನ್ನ ವಿಜ್ಞಾನಿ ಗೆಳೆಯರನ್ನು. ಅವರಲ್ಲಿ ಹೆಚ್ಚಿನವರು ಇಂಥದ್ದೊಂದು ಇದೆ ಎಂಬುದನ್ನೇ ಒಪ್ಪಲಿಲ್ಲ. ‘ಮನಸ್ಸಿನ ಕಣ್ಣು’ ಎನ್ನುವುದು ಬರೀ ಮಾತಿನ ಅಲಂಕಾರ ಎಂದು ಒಬ್ಬರು ಬರೆದರು. ಆಮೇಲೆ ಬೇರೆ ಜನರನ್ನು ಕೇಳಿದ. ಚಾರ್ಟರ್‌ಹೌಸ್ ಶಾಲೆಯ 172 ಹುಡುಗರ ಉತ್ತರವೂ ಸಿಕ್ಕಿತು. ಅವರಲ್ಲಿ ಎಷ್ಟೋ ಜನರಿಗೆ ಮೇಜು ಎದುರಿಗೇ ಇದ್ದ ಹಾಗೆ ಕಾಣುತ್ತಿತ್ತು. ನಾನು ನಂಬುವುದಿಲ್ಲ ಎಂದು ಗಾಲ್ಟನ್ ನಟಿಸಿದರೆ ಅವರಿಗೇ ಆಶ್ಚರ್ಯ!

ಬಣ್ಣಗುರುಡು ಇರುವುದು ಗೊತ್ತೇ ಇಲ್ಲದವನು ಬಣ್ಣದ ಬಗ್ಗೆ ಮಾತಾಡುವ ಹಾಗೆ ತನ್ನ ವಿಜ್ಞಾನಿಗಳು ಮಾತಾಡಿದರು ಎಂದು ಗಾಲ್ಟನ್ ಬರೆದ. ಈ ಹೋಲಿಕೆ ನನ್ನ ಅನುಭವಕ್ಕೆ ಸರಿಯಾಗಿ ಹೊಂದುತ್ತದೆ. ಮನುಷ್ಯರ ತಳಿ ಸುಧಾರಿಸಬೇಕು ಎಂಬ ಅವನ ಇನ್ನೊಂದು ವಾದ ಮುಂದೆ ಲೋಕಕ್ಕೆ ಮಾಡಿದ ಕೇಡು ಸಣ್ಣದಲ್ಲ. ಅದನ್ನು ಮರೆಯಲಾರೆ. ಇಲ್ಲೂ ಅವನು ಒಂದು ಕಡೆ ಎಡವಿದ. ವಿಜ್ಞಾನಿಗಳಿಗೆ ಒಳಗಿನ ಚಿತ್ರ ಬಹಳ ಕಡಿಮೆ ಎಂದು ಅವನು ಹೇಳಿದ್ದು ನಿಲ್ಲಲಿಲ್ಲ. ಸುಮಾರು 125 ವರ್ಷದ ನಂತರ ಆ ಪ್ರಶ್ನೆಗಳನ್ನು ಇಂದಿನ ವಿಜ್ಞಾನಿಗಳ ಮುಂದೆ ಇಟ್ಟಾಗ ಅಂಥ ಕೊರತೆ ಕಾಣಲಿಲ್ಲ.

ಮುಂದಿನ ನೂರು ವರ್ಷ ಈ ವಿಷಯ ಹೆಚ್ಚು ಕಡಿಮೆ ಮೂಲೆಗೆ ಬಿತ್ತು. 1913ರ ಹೊತ್ತಿಗೆ ಅಮೆರಿಕದ ಮನೋವಿಜ್ಞಾನಿ ಜಾನ್ ವಾಟ್ಸನ್, ಹೊರಗೆ ಕಾಣುವ ನಡವಳಿಕೆ ಮಾತ್ರ ಮನೋವಿಜ್ಞಾನ, ಒಳಗೆ ಏನಿದೆ ಎಂದು ಕೇಳುವುದು ವಿಜ್ಞಾನವಲ್ಲ ಎಂದ. 1973ರಲ್ಲಿ ಮನೋವಿಜ್ಞಾನಿ ಡೇವಿಡ್ ಮಾರ್ಕ್ಸ್ ಗಾಲ್ಟನ್‌ನ ದಾರಿಯಲ್ಲೇ 16 ಪ್ರಶ್ನೆಗಳ ಪಟ್ಟಿ ಮಾಡಿದರು. ಈಗಲೂ ಅದೇ ಬಳಕೆಯಲ್ಲಿದೆ.

ಕಥೆ ಮತ್ತೆ ಶುರುವಾಗಿದ್ದು ಒಬ್ಬ ರೋಗಿಯಿಂದ. ಬ್ರಿಟನ್ನಿನ ನರರೋಗ ತಜ್ಞ ಆ್ಯಡಂ ಝೆಮನ್ ಅವರ ಬಳಿಗೆ 65 ವರ್ಷದ ನಿವೃತ್ತ ಸರ್ವೇಯರ್ ಒಬ್ಬರು ಬಂದರು. ಹೃದಯದ ರಕ್ತನಾಳಕ್ಕೆ ಚಿಕಿತ್ಸೆ ಆದ ಮೇಲೆ ಅವರ ಮನಸ್ಸಿನಿಂದ ಚಿತ್ರಗಳೇ ಮಾಯವಾಗಿದ್ದವು. ಮೊದಲು ಕಾದಂಬರಿ ಹಿಡಿದರೆ ಅದರ ಲೋಕವೇ ಕಾಣುತ್ತಿತ್ತು, ಈಗ ಅದಿಲ್ಲ. 2010ರಲ್ಲಿ ಆ ವಿವರ ಪ್ರಕಟವಾಯಿತು. ಒಂದು ಪತ್ರಿಕೆ ಅದರ ಬಗ್ಗೆ ಬರೆದಾಗ ಓದುಗರು ಒಬ್ಬೊಬ್ಬರಾಗಿ ಝೆಮನ್‌ಗೆ ಬರೆಯತೊಡಗಿದರು. ‘ನಾನು ಹುಟ್ಟಿದಾಗಿನಿಂದಲೂ ಹೀಗೇ’ ಎನ್ನುವುದು ಆ ಪತ್ರಗಳ ಸಾರ. ಅಂಥ 21 ಜನರ ಮಾತು ಕೇಳಿ, 2015ರಲ್ಲಿ ಝೆಮನ್ ಮತ್ತು ಜೊತೆಗಾರರು ಇದಕ್ಕೆ ‘ಅಫ್ಯಾಂಟೇಸಿಯಾ’ ಎಂದು ಹೆಸರಿಟ್ಟರು. ಮನಸ್ಸಿನಲ್ಲಿ ಚಿತ್ರ ಮೂಡಿಸುವ ಶಕ್ತಿಗೆ ಅರಿಸ್ಟಾಟಲ್ ಬಳಸಿದ ‘ಫ್ಯಾಂಟೇಸಿಯಾ’ಕ್ಕೆ ಒಂದು ‘ಅ’ ಸೇರಿಸಿದ್ದು ಅಷ್ಟೇ. ಚಿತ್ರ ಸ್ವಲ್ಪವೂ ಬಾರದವರು ಸುಮಾರು 100ಕ್ಕೆ ಒಬ್ಬರು. ತೀರಾ ಮಸುಕಾಗಿ ಬರುವವರನ್ನೂ ಸೇರಿಸಿದರೆ ನಾಲ್ವರು. ಇದು ಕಾಯಿಲೆ ಅಲ್ಲ. ಇನ್ನೊಂದು ತುದಿಯಲ್ಲಿ ನಮ್ಮ ಅಕ್ಕನಂಥವರು ಇದ್ದಾರೆ. ಅವರಿಗೆ ಚಿತ್ರ ನಿಜದಷ್ಟೇ ಗಟ್ಟಿ.

ಬರೀ ಮಾತು ನಂಬಿ ಕೂರಬೇಕಾ ಎಂಬ ಸಂಶಯ ಬರುವುದು ಸಹಜ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಜೋಯಲ್ ಪಿಯರ್ಸನ್ ಅವರ ತಂಡ ಇದನ್ನು ಓದಿನ ಮೂಲಕವೇ ಪರೀಕ್ಷಿಸಿತು. 2021ರಲ್ಲಿ ಅದರ ಫಲ ಪ್ರಕಟವಾಯಿತು. ಜನರನ್ನು ಕತ್ತಲ ಕೋಣೆಯಲ್ಲಿ ಕೂರಿಸಿ, ಚರ್ಮದ ಬೆವರಿನ ಬದಲಾವಣೆ ಅಳೆಯುವ ತಂತಿ ಹಚ್ಚಿದರು. ಎದುರಿನ ಪರದೆಯಲ್ಲಿ ಸಾಲು ಸಾಲಾಗಿ ಹೆದರಿಕೆಯ ಕಥೆ ಬರುತ್ತದೆ. ನೀವು ಸಮುದ್ರದಲ್ಲಿ ಈಜುತ್ತಿದ್ದೀರಿ, ನೀರಲ್ಲಿ ಏನೋ ಕಪ್ಪಗೆ ಸುಳಿಯಿತು, ಹೀಗೆ. ಚಿತ್ರ ಕಾಣುವವರ ಮೈ ಓದುತ್ತಾ ಓದುತ್ತಾ ಬೆವರಿತು. ಕಾಣದವರ ಗೆರೆ ಹೆಚ್ಚು ಕಡಿಮೆ ಚಪ್ಪಟೆಯಾಗೇ ಉಳಿಯಿತು. ಆಮೇಲೆ ಭಯದ ಫೋಟೋಗಳನ್ನೇ ತೋರಿಸಿದಾಗ ಎರಡೂ ಗುಂಪು ಒಂದೇ ರೀತಿ ಬೆಚ್ಚಿತು. ಅಂದರೆ ಭಯಪಡುವ ಶಕ್ತಿ ಎಲ್ಲರಿಗೂ ಇದೆ. ಮಾತಿನಿಂದ ಭಯಕ್ಕೆ ಹೋಗುವ ದಾರಿಯಲ್ಲಿ ಕೆಲವರಿಗೆ ಚಿತ್ರ ಎಂಬ ಮೆಟ್ಟಿಲು ಇಲ್ಲ. ಹಾಗಾದರೆ ಕಥೆ ಓದಿ ನಾನು ಅಳುವುದು ಯಾವ ದಾರಿಯಿಂದ? ಅಳು ಬರುವುದಂತೂ ನಿಜ. ಭೂತದ ಕಥೆ ಓದಿ ರಾತ್ರಿ ಹೊರಗೆ ಹೋಗಲು ಹೆದರುತ್ತಿದ್ದವಳು ಮಾತ್ರ ಅಕ್ಕ.

ಇನ್ನು ದನಿಯ ವಿಷಯ. ಇಲ್ಲಿ ಇತಿಹಾಸ ಇನ್ನೂ ಹಳೆಯದು. ನಾಲ್ಕನೇ ಶತಮಾನದ ಕೊನೆಯಲ್ಲಿ ಮಿಲಾನ್ ನಗರದ ಬಿಷಪ್ ಆಂಬ್ರೋಸ್ ಓದುವುದನ್ನು, ಮುಂದೆ ಕ್ರೈಸ್ತ ಸಂತನೆಂದು ಹೆಸರಾದ ಅಗಸ್ಟೀನ್ ನೋಡಿದ್ದ. ಕಣ್ಣು ಪುಟದ ಮೇಲೆ ಹರಿಯುತ್ತಿತ್ತು, ನಾಲಿಗೆ ಸುಮ್ಮನಿತ್ತು ಎಂದು ವಿಶೇಷವಾಗಿ ಬರೆದಿಟ್ಟ. ಆ ಕಾಲದಲ್ಲಿ ಯಾರೂ ಮೌನವಾಗಿ ಓದುತ್ತಿರಲಿಲ್ಲ ಎಂದು ಇದರಿಂದ ಬಹಳ ದಿನ ತೀರ್ಮಾನಿಸಿದ್ದರು. ಅದು ಅತಿಯಾಯಿತು. ಮೌನದ ಓದು ಗ್ರೀಕರಿಗೂ ಗೊತ್ತಿತ್ತು. ಆದರೆ ಓದು ಎಂದರೆ ಮೊದಲಿಗೆ ಬಾಯಿ ಮತ್ತು ಕಿವಿಯ ಕೆಲಸ ಎನ್ನುವುದು ನಿಜ.

ನಮ್ಮ ‘ಓದು’ ಎಂಬ ಪದವೇ ಅದಕ್ಕೆ ಸಾಕ್ಷಿ. ತಮಿಳಿನಲ್ಲಿ ಇದರ ಒಡಹುಟ್ಟಿದ ಪದ ‘ಓದು’ವಿಗೆ ಈಗಲೂ ಪಠಿಸು, ಜೋರಾಗಿ ಹೇಳು ಎಂಬ ಅರ್ಥ. ತಾಳೆಗರಿಯಲ್ಲಿ ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ. ಎಲ್ಲಿ ಒಡೆಯಬೇಕು ಎನ್ನುವುದು ಬಾಯಿಬಿಟ್ಟು ಹೇಳಿದಾಗ ಬೇಗ ಹೊಳೆಯುತ್ತದೆ. ಕುಮಾರವ್ಯಾಸನ ಷಟ್ಪದಿ ಊರೂರಿಗೆ ತಲುಪಿದ್ದು ಗಮಕಿಗಳ ಕಂಠದಿಂದ. ಒಬ್ಬರು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ಶಾಲೆಯಲ್ಲಿ ನಾವೂ ಮೊದಲು ಕಲಿತದ್ದು ಜೋರಾಗಿ ಓದುವುದನ್ನು. ‘ಮನಸ್ಸಲ್ಲೇ ಓದಿಕೋ’ ಎಂದು ಮೇಷ್ಟ್ರು ಹೇಳಿದ್ದು ಆಮೇಲೆ. ದನಿ ಒಳಗೆ ಹೋಯಿತು, ನಿಲ್ಲಲಿಲ್ಲ. ಕನಿಷ್ಠ ನನ್ನಂಥವರಲ್ಲಿ.

ಅಮೆರಿಕದ ಎಡ್ಮಂಡ್ ಹ್ಯೂಯಿ 1908ರಲ್ಲಿ ಓದಿನ ಬಗ್ಗೆ ದೊಡ್ಡ ಪುಸ್ತಕ ಬರೆದಾಗ, ಹೆಚ್ಚಿನ ಜನರಿಗೆ ಈ ಒಳದನಿ ಓದಿನ ಭಾಗವೇ ಎಂದಿದ್ದರು. 2011ರಲ್ಲಿ ಗ್ಲಾಸ್ಗೋದ ಸಂಶೋಧಕರು ಮಿದುಳಿನ ಸ್ಕ್ಯಾನ್ ಮಾಡಿ ಇನ್ನೊಂದು ಸೂಕ್ಷ್ಮ ಕಂಡರು. ‘ನಾನು ಬರಲ್ಲ’ ಎಂದು ಪಾತ್ರ ತಾನೇ ಹೇಳಿದ ಸಾಲನ್ನು ಮೌನವಾಗಿ ಓದಿದರೂ ದನಿ ಗುರುತಿಸುವ ಭಾಗ ಜಾಸ್ತಿ ಚುರುಕಾಗುತ್ತದೆ. ‘ತಾನು ಬರುವುದಿಲ್ಲ ಎಂದು ಅವನು ಹೇಳಿದ’ ಎಂದು ಬರೆದರೆ ಅಷ್ಟಿಲ್ಲ. ಕಥೆ ಬರೆಯುವವರು ಇದನ್ನು ಗಮನಿಸಬೇಕು, ಅಲ್ವಾ?

ಆದರೆ ಒಳದನಿಯೂ ಎಲ್ಲರಿಗೂ ಇಲ್ಲ. ಲಾಸ್ ವೇಗಸ್‌ನ ಮನೋವಿಜ್ಞಾನಿ ರಸೆಲ್ ಹರ್ಲ್‌ಬರ್ಟ್ ದಶಕಗಳಿಂದ ಜನರ ಬಳಿ ಒಂದು ಸಣ್ಣ ಯಂತ್ರ ಕೊಡುತ್ತಾ ಬಂದಿದ್ದಾರೆ. ಅದು ಯಾವಾಗಲೋ ಒಮ್ಮೆ ಬೀಪ್ ಎನ್ನುತ್ತದೆ. ಆ ಕ್ಷಣದಲ್ಲಿ ಮನಸ್ಸಿನಲ್ಲಿ ಏನಿತ್ತೋ ಅದನ್ನು ಬರೆದುಕೊಳ್ಳಬೇಕು. ಕಥೆ ಓದುತ್ತಿದ್ದ ವಿದ್ಯಾರ್ಥಿಗಳ ಮೇಲೆ ಇದನ್ನು ಮಾಡಿದಾಗ ಒಳಗೆ ಪದಗಳನ್ನು ಉಚ್ಚರಿಸುತ್ತಿದ್ದ ಕ್ಷಣಗಳು ಬಹಳ ಕಡಿಮೆ ಸಿಕ್ಕವು. ಚಿತ್ರಗಳೇ ಜಾಸ್ತಿ. ನಮ್ಮ ಓದು ಹೀಗಿದೆ ಎಂದು ನಾವು ನಂಬಿರುವುದಕ್ಕೂ, ಆ ಕ್ಷಣ ನಿಜವಾಗಿ ನಡೆಯುವುದಕ್ಕೂ ತಾಳೆಯಾಗದೆ ಇರಬಹುದು.

ಇದೆಲ್ಲ ಓದಿದ ಮೇಲೆ ಅಕ್ಕನಿಗೆ ಫೋನ್ ಮಾಡಿದೆ. ‘ಕಥೆ ಓದುವಾಗ ದನಿ ಕೇಳುತ್ತಾ?’ ಎಂದೆ. ಅವಳು ತುಸು ಹೊತ್ತು ಸುಮ್ಮನಿದ್ದಳು. ‘ಯಾರ ದನಿಯೋ? ಮೂಕಿ ಚಿತ್ರದ ಹಾಗೆ ಹೋಗ್ತಾ ಇರುತ್ತೆ. ನಿನಗೆ ಕೇಳುತ್ತಾ?’ ಎಂದಳು. ಕೇಳುತ್ತೆ ಎಂದೆ. ಅವಳು ನಂಬಲಿಲ್ಲ.